ಉಷ್ಣವಲಯದ ಅಲೆ ಬರ್ತಿದೆ ಅಂದಾಗ: ಭಾರಿ ಮಳೆಯ ಎಚ್ಚರಿಕೆ ಓದಿಕೊಂಡು ತಯಾರಾಗುವುದು ಹೇಗೆ?

ಅಲೆ ಅಂದ ಕೂಡಲೇ ಎಲ್ಲರ ಕಣ್ಣು ಸಮುದ್ರದ ಕಡೆ ಹೋಗುತ್ತದೆ. ಆದರೆ ಹವಾಮಾನದವರು ಹೇಳುವ ಉಷ್ಣವಲಯದ ಅಲೆ, ಅಂದರೆ ಟ್ರಾಪಿಕಲ್ ವೇವ್, ನೀರಿನದ್ದಲ್ಲ, ಗಾಳಿಯದ್ದು. ದಡದಲ್ಲಿ ನಿಂತು ಎಷ್ಟು ಹೊತ್ತು ನೋಡಿದರೂ ಕಾಣುವುದಿಲ್ಲ. ತಲೆಯ ಮೇಲೆ ಹಾದುಹೋಗುವಾಗ ಮಾತ್ರ ಗೊತ್ತಾಗುತ್ತದೆ, ಅದೂ ಮಳೆ ಸುರಿಯತೊಡಗಿದ ಮೇಲೆ.

ಪಶ್ಚಿಮ ಆಫ್ರಿಕಾ, ಕೆರಿಬಿಯನ್ ದ್ವೀಪಗಳು, ಮಧ್ಯ ಅಮೆರಿಕ, ಮೆಕ್ಸಿಕೋ. ಈ ಕಡೆಯ ಮಳೆಗಾಲದಲ್ಲಿ ಇಂಥ ಅಲೆಗಳು ಸಾಲುಗಟ್ಟಿ ಬರುತ್ತವೆ. ಒಂದು ಹೋಯಿತು ಅನ್ನುವಷ್ಟರಲ್ಲಿ, ಮೂರರಿಂದ ಐದು ದಿನಕ್ಕೆ, ಇನ್ನೊಂದು. ಬಹಳಷ್ಟು ಅಲೆಗಳು ನಾಲ್ಕು ಹನಿ ಉದುರಿಸಿ ಮುಂದೆ ಹೋಗುತ್ತವೆ. ಅದಕ್ಕೇ ಜನ ಎಚ್ಚರಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವುದು. 'ಹರಿಕೇನ್ ಏನೂ ಅಲ್ವಲ್ಲ, ಬರೀ ಅಲೆ ತಾನೆ' ಅಂತ. ಹರಿಕೇನ್ ಅಂದರೆ ಆ ಕಡೆಯ ಜೋರು ಚಂಡಮಾರುತ.

1985ರ ಅಕ್ಟೋಬರ್ 7ರಂದು ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಪೊನ್ಸೆ ನಗರದ ಮಾಮೆಯೆಸ್ ಬಡಾವಣೆಯ ಮೇಲೆ ಗುಡ್ಡ ಕುಸಿಯಿತು. ಕನಿಷ್ಠ 129 ಜನ ಸತ್ತರು. ಆ ಮಳೆ ತಂದದ್ದು ಬರೀ ಒಂದು ಅಲೆ. ಅದು ಬಲಗೊಂಡು ಬಿರುಗಾಳಿಯಾಗಿ, ಇಸಬೆಲ್ ಎಂಬ ಹೆಸರು ಪಡೆದದ್ದು ಆಮೇಲೆ.

ಹಾಗಾಗಿ ಹೆಸರು ನೋಡಬೇಡಿ, ಮಳೆ ನೋಡಿ. ಎಷ್ಟು ಮಿಲಿಮೀಟರ್, ಎಷ್ಟು ಹೊತ್ತಿನಲ್ಲಿ, ಎಂಥ ನೆಲದ ಮೇಲೆ? ಮುಂದಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸವೇ.

ಹೆಜ್ಜೆ 1: ಮೊದಲು ಅಲೆಯ ಗುಣ ತಿಳಿದುಕೊಳ್ಳಿ

ಉಷ್ಣವಲಯದಲ್ಲಿ ವಾಣಿಜ್ಯ ಮಾರುತಗಳು ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತವೆ ಅಂತ ಶಾಲೆಯಲ್ಲಿ ಓದಿದ್ದೇವೆ. ಆ ಹರಿವು ಅಲ್ಲಲ್ಲಿ ಬಳುಕುತ್ತದೆ. ಬಳುಕಿದ ಕಡೆ ವಾಯುಭಾರ ಸ್ವಲ್ಪ ಕಡಿಮೆ ಇರುತ್ತದೆ. ಹೆಚ್ಚೂಕಡಿಮೆ ಉತ್ತರ-ದಕ್ಷಿಣವಾಗಿ ಚಾಚಿಕೊಂಡ ಆ ಪಟ್ಟಿಯೇ ಅಲೆ. ಅದರ ನಡುಗೆರೆಗೆ ಅಕ್ಷ ಅನ್ನುತ್ತಾರೆ. ಅಟ್ಲಾಂಟಿಕ್‌ನ ಹೆಚ್ಚಿನ ಅಲೆಗಳು ಹುಟ್ಟುವುದು ಆಫ್ರಿಕಾದ ಮೇಲೆ. ಉತ್ತರಕ್ಕೆ ಸಹಾರಾದ ಕಾದ ನೆಲ, ದಕ್ಷಿಣಕ್ಕೆ ಗಿನಿ ಕೊಲ್ಲಿಯ ತಂಪು. ಈ ತಾಪದ ವ್ಯತ್ಯಾಸದಿಂದ ಎರಡರ ನಡುವೆ, ಎತ್ತರದಲ್ಲಿ, ಜೋರು ಗಾಳಿಯ ಹೊಳೆಯೊಂದು ಹರಿಯುತ್ತದೆ. ಅದು ಅಂಕುಡೊಂಕಾದಾಗ ಅಲೆಗಳು ಏಳುತ್ತವೆ. ವರ್ಷಕ್ಕೆ ಸುಮಾರು 60 ಅಲೆಗಳು ಹೀಗೆ ಅಟ್ಲಾಂಟಿಕ್ ಕಡೆ ಹೊರಡುತ್ತವೆ.

ಎಲ್ಲವೂ ಚಂಡಮಾರುತ ಆಗುವುದಿಲ್ಲ. ಕೆಲವೇ ಕೆಲವು ಆಗುತ್ತವೆ. ಆದರೆ ಅಟ್ಲಾಂಟಿಕ್‌ನ ಭಾರಿ ಹರಿಕೇನ್‌ಗಳ ಮೂಲ ಹುಡುಕಿದರೆ, ನೂರಕ್ಕೆ ಸುಮಾರು 85ರಷ್ಟು ಇಂಥ ಅಲೆಗಳಿಂದಲೇ ಎದ್ದವು.

ಕೆರಿಬಿಯನ್‌ನಲ್ಲಿ ಅಲೆ ಹಾದುಹೋಗುವ ರೀತಿಯನ್ನು ಹವಾಮಾನ ವಿಜ್ಞಾನಿ ಹರ್ಬರ್ಟ್ ರೀಲ್ 1945ರಲ್ಲಿ ವಿವರಿಸಿದರು. ಆ ಚಿತ್ರ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಅಕ್ಷ ಬರುವ ಮುಂಚೆ ಗಾಳಿ ಈಶಾನ್ಯದಿಂದ ಬೀಸುತ್ತದೆ. ಆಕಾಶ ತಿಳಿಯಾಗಿರುತ್ತದೆ, ಎಂದಿಗಿಂತಲೂ ಚೆನ್ನಾಗಿ ಬಿಸಿಲು ಬೀಳುತ್ತದೆ. ಅಕ್ಷ ದಾಟಿದ ಮೇಲೆ ಗಾಳಿ ತಿರುಗಿ ಆಗ್ನೇಯದಿಂದ ಬೀಸುತ್ತದೆ. ಆಗ ಶುರು ಗುಡುಗು, ಮಳೆ.

ಅಂದರೆ ಮುಂಚಿನ ದಿನದ ಬಿಸಿಲು ಕಂಡು 'ಇವರು ಹೇಳಿದ್ದು ಸುಳ್ಳಾಯ್ತು' ಅಂತ ನಗುವವರು ಸ್ವಲ್ಪ ಕಾಯಬೇಕು. ಹಾಗಂತ ಎಲ್ಲ ಅಲೆಗಳೂ ಇದೇ ಪಾಠ ಒಪ್ಪಿಸುವುದಿಲ್ಲ. ಪಶ್ಚಿಮ ಆಫ್ರಿಕಾದ ನೆಲದ ಮೇಲೆ ಮಳೆ ಸಾಮಾನ್ಯವಾಗಿ ಅಕ್ಷಕ್ಕಿಂತ ಮುಂದೆಯೇ ಬರುತ್ತದೆ. ಇನ್ನು ಸಹಾರಾದ ಧೂಳು ತುಂಬಿದ ಒಣಗಾಳಿ ಜೊತೆಗೆ ಬಂದರೆ ಅಲೆ ಸೊರಗುತ್ತದೆ. ಆಕಾಶ ಮಸುಕಾಗಿ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದೇ ಧೂಳು ಇರಬಹುದು. ಆ ಧೂಳು ಚದುರಿದ ಮೇಲೆ ಬರುವ ಅಲೆಯ ಮೇಲೆ ಒಂದು ಕಣ್ಣಿಡಿ.

ಹೆಜ್ಜೆ 2: ಎಚ್ಚರಿಕೆ ಎಲ್ಲಿಂದ ಬಂತು, ಯಾವಾಗಿನದು ನೋಡಿ

ನೀವಿರುವ ದೇಶದ ಹವಾಮಾನ ಇಲಾಖೆಯ ಮಾತೇ ಮೊದಲು. ಮೆಕ್ಸಿಕೋದ ರಾಷ್ಟ್ರೀಯ ಹವಾಮಾನ ಸೇವೆ ಮಳೆಗಾಲದ ಅಲೆಗಳಿಗೆ ಒಂದು, ಎರಡು, ಮೂರು ಅಂತ ನಂಬರ್ ಕೊಡುತ್ತಾ ಹೋಗುತ್ತದೆ. ಯಾವ ಅಲೆಯ ಬಗ್ಗೆ ಮಾತು ನಡೆಯುತ್ತಿದೆ ಅನ್ನುವ ಗೊಂದಲ ಅಲ್ಲಿ ಇರುವುದಿಲ್ಲ.

ಇಡೀ ಅಟ್ಲಾಂಟಿಕ್ ಮತ್ತು ಪೂರ್ವ ಪೆಸಿಫಿಕ್ ಮೇಲೆ ಕಣ್ಣಿಟ್ಟಿರುವುದು ಅಮೆರಿಕದ ಮಯಾಮಿಯಲ್ಲಿರುವ ರಾಷ್ಟ್ರೀಯ ಹರಿಕೇನ್ ಕೇಂದ್ರ. ಹರಿಕೇನ್ ಕಾಲದಲ್ಲಿ ಅದು ದಿನಕ್ಕೆ 4 ಸಲ ಮುನ್ನೋಟ ಕೊಡುತ್ತದೆ. ಅಟ್ಲಾಂಟಿಕ್‌ಗೆ ಆ ಕಾಲ ಜೂನ್ 1ರಿಂದ ನವೆಂಬರ್ 30. ಪೂರ್ವ ಪೆಸಿಫಿಕ್‌ಗೆ ಮೇ 15ರಿಂದ ಶುರು. ನಕ್ಷೆಯಲ್ಲಿ ಹಳದಿ, ಕಿತ್ತಳೆ, ಕೆಂಪು ಗುರುತುಗಳು ಕಾಣುತ್ತವೆ. ಚಂಡಮಾರುತ ಹುಟ್ಟುವ ಸಾಧ್ಯತೆ ನೂರಕ್ಕೆ 40ಕ್ಕಿಂತ ಕಡಿಮೆ ಇದ್ದರೆ ಹಳದಿ, 40ರಿಂದ 60 ಕಿತ್ತಳೆ, ಅದಕ್ಕೂ ಜಾಸ್ತಿ ಇದ್ದರೆ ಕೆಂಪು. ಮುಂದಿನ 2 ದಿನಕ್ಕೆ ಒಂದು ಅಂಕಿ, 7 ದಿನಕ್ಕೆ ಇನ್ನೊಂದು. 2023ಕ್ಕೆ ಮುಂಚೆ ಇದು 5 ದಿನ ಇತ್ತು.

ಜನ ಜಾಸ್ತಿ ಎಡವುವುದು ಈ ಅಂಕಿಯಲ್ಲೇ. '20 ಪರ್ಸೆಂಟ್' ಅಂತ ಬರೆದಿದ್ದರೆ ಅದು ಮಳೆಯ ಲೆಕ್ಕ ಅಲ್ಲ. ಗಾಳಿ ಸುತ್ತು ಹಾಕಿಕೊಂಡು ಚಂಡಮಾರುತ ಆಗಲು 20ರಷ್ಟು ಅವಕಾಶ ಇದೆ ಅಂತ ಅಷ್ಟೇ ಅದರ ಅರ್ಥ. ಸೊನ್ನೆ ಅಂತ ಬರೆದಿದ್ದರೂ ಅದೇ ಅಲೆ ಬೆಟ್ಟದ ಮೇಲೆ ರಾತ್ರಿಯಿಡೀ ಹುಯ್ಯಬಹುದು. ನಕ್ಷೆಯಲ್ಲಿ ಒಂದು ಬಣ್ಣವೂ ಇಲ್ಲದ ದಿನ ಹೊಳೆ ಉಕ್ಕಬಹುದು.

2015ರ ಆಗಸ್ಟ್‌ನಲ್ಲಿ ಎರಿಕಾ ಎಂಬ ಬಿರುಗಾಳಿ ಡೊಮಿನಿಕ ದ್ವೀಪದ ಹತ್ತಿರ ಹಾದುಹೋಯಿತು. ಗಾಳಿಯ ಲೆಕ್ಕದಲ್ಲಿ ಅದು ಬಡಕಲು, ಹರಿಕೇನ್ ದರ್ಜೆಗೆ ಏರಲೇ ಇಲ್ಲ. ಆದರೆ ಅದು ಸುರಿಸಿದ ಮಳೆಗೆ ಆ ಪುಟ್ಟ ದೇಶದಲ್ಲಿ ಸುಮಾರು 30 ಜನ ಸತ್ತರು. ಬೆಟ್ಟಗುಡ್ಡದ ದ್ವೀಪ, ಕಿರಿದಾದ ಕಣಿವೆಗಳು. ನೀರಿಗೆ ಹರಡಿಕೊಳ್ಳಲು ಜಾಗವೇ ಇಲ್ಲ.

ಮಳೆಯ ಸಾಧ್ಯತೆ 60 ಪರ್ಸೆಂಟ್ ಅಂತ ಬೇರೆ ಕಡೆ ಬರೆದಿರುತ್ತಾರಲ್ಲ, ಅದೂ ಪ್ರಮಾಣ ಹೇಳುವುದಿಲ್ಲ. ನೀವು ನಿಂತ ಜಾಗದಲ್ಲಿ ಮಳೆ ಬೀಳುತ್ತದೋ ಇಲ್ಲವೋ ಅನ್ನುವುದಷ್ಟನ್ನೇ ಅದು ಹೇಳುತ್ತದೆ. ತುಂತುರೋ ಧಾರಾಕಾರವೋ ಗೊತ್ತಾಗಲು ಮಿಲಿಮೀಟರ್ ಹುಡುಕಬೇಕು.

ವಾಚ್ ಮತ್ತು ವಾರ್ನಿಂಗ್ ಎಂಬ ಎರಡು ಪದ ಬರುತ್ತವೆ. ದಿಢೀರ್ ಪ್ರವಾಹದ ವಾಚ್ ಅಂದರೆ ಪ್ರವಾಹಕ್ಕೆ ಬೇಕಾದ ಪರಿಸ್ಥಿತಿ ಒದಗಿದೆ, ತಯಾರಾಗಿರಿ ಅಂತ. ವಾರ್ನಿಂಗ್ ಅಂದರೆ ಈಗಲೇ ಆಗುತ್ತಿದೆ ಅಥವಾ ಇನ್ನೇನು ಆಗಲಿದೆ. ವಾಚ್ ಬಂದಾಗ ಚೀಲ ತುಂಬಿಸಿ. ವಾರ್ನಿಂಗ್ ಬಂದಾಗ ಚೀಲ ತುಂಬಿಸುತ್ತಾ ಕೂರಬೇಡಿ.

ಇನ್ನು ಫಾರ್ವರ್ಡ್ ಆಗಿ ಬರುವ ಸಂದೇಶಗಳು. ತಾರೀಕು, ಗಂಟೆ ಇಲ್ಲದ ಎಚ್ಚರಿಕೆಯನ್ನು ಯಾರೇ ಕಳಿಸಿದರೂ ಮುಂದೆ ಕಳಿಸಬೇಡಿ. ಹೋದ ವರ್ಷದ ನಕ್ಷೆ ಈ ವರ್ಷವೂ ಊರು ಸುತ್ತುತ್ತಿರುತ್ತದೆ. ಗಂಟೆ ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣಿತ ಸಮಯದಲ್ಲಿ, ಇದ್ದರೆ ನಿಮ್ಮ ಸಮಯಕ್ಕೆ ತಿರುಗಿಸಿಕೊಳ್ಳಿ. ಯುಟಿಸಿ 12 ಗಂಟೆ ಅಂದರೆ ಪೋರ್ಟೊ ರಿಕೊ, ಡೊಮಿನಿಕಗಳಲ್ಲಿ ಬೆಳಗ್ಗೆ 8, ಮೆಕ್ಸಿಕೋ ಸಿಟಿಯಲ್ಲಿ ಬೆಳಗ್ಗೆ 6.

ಹೆಜ್ಜೆ 3: ಅಲೆ ನಿಮ್ಮಲ್ಲಿಗೆ ಯಾವಾಗ ಬರುತ್ತದೆ, ನೀವೇ ಲೆಕ್ಕ ಹಾಕಿ

ನನಗೆ ಬಹಳ ಇಷ್ಟದ ಹೆಜ್ಜೆ ಇದು. ಒಂದು ಪೆನ್ನು, ಒಂದು ತುಂಡು ಕಾಗದ ಸಾಕು.

ಹರಿಕೇನ್ ಕೇಂದ್ರದ ವಿವರವಾದ ವರದಿಯಲ್ಲಿ ಪ್ರತಿ ಅಲೆಗೂ ಒಂದೆರಡು ಸಾಲು ಇರುತ್ತದೆ. ಅಕ್ಷ ಎಷ್ಟು ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ, ಯಾವ ಕಡೆ ಎಷ್ಟು ನಾಟ್ ವೇಗದಲ್ಲಿ ಹೋಗುತ್ತಿದೆ, ಎಲ್ಲಿಂದ ಎಲ್ಲಿಯವರೆಗೆ ಗುಡುಗು ಮೋಡಗಳಿವೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.

ಉದಾಹರಣೆಗೆ, ಸೋಮವಾರ ಬೆಳಗ್ಗೆ 8ಕ್ಕೆ ಅಕ್ಷ 43 ಡಿಗ್ರಿಯಲ್ಲಿದೆ, 15 ನಾಟ್ ವೇಗದಲ್ಲಿ ಪಶ್ಚಿಮಕ್ಕೆ ಹೋಗುತ್ತಿದೆ ಅಂತಿಟ್ಟುಕೊಳ್ಳಿ. ನೀವಿರುವುದು ಮಾರ್ಟಿನಿಕ್ ದ್ವೀಪದಲ್ಲಿ. ಅದು ಸುಮಾರು 61 ಡಿಗ್ರಿ. ನಡುವೆ 18 ಡಿಗ್ರಿ ದೂರ. ಆ ಅಕ್ಷಾಂಶದಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 107 ಕಿ.ಮೀ. 15 ನಾಟ್ ಅಂದರೆ ಗಂಟೆಗೆ ಸುಮಾರು 28 ಕಿ.ಮೀ., ದಿನಕ್ಕೆ 670 ಕಿ.ಮೀ. ಹತ್ತಿರ. ಅಂದರೆ ದಿನಕ್ಕೆ 6 ಡಿಗ್ರಿಗಿಂತ ಒಂಚೂರು ಜಾಸ್ತಿ. 18 ಡಿಗ್ರಿಗೆ ಹೆಚ್ಚೂಕಡಿಮೆ 3 ದಿನ. ಗುರುವಾರ ಬೆಳಗಿನ ಜಾವದ ಹೊತ್ತಿಗೆ ಅಕ್ಷ ನಿಮ್ಮ ತಲೆಯ ಮೇಲೆ.

ಇಷ್ಟು ನೆನಪಿಟ್ಟರೆ ಸಾಕು: 15 ನಾಟ್ ವೇಗಕ್ಕೆ ದಿನಕ್ಕೆ 6 ಡಿಗ್ರಿ. 20 ನಾಟ್ ಇದ್ದರೆ 8.

ಬಂದ ಉತ್ತರವನ್ನು ರೈಲಿನ ಟೈಮ್‌ಟೇಬಲ್ ಥರ ನೋಡಬೇಡಿ. ದಿನಕ್ಕೊಂದು ಸಲ ಲೆಕ್ಕ ಮತ್ತೆ ಹಾಕಿ. ನೆನ್ನೆ 43 ಇದ್ದದ್ದು ಇವತ್ತು 49 ಆಗಬೇಕಿತ್ತು, ಬರೀ 46 ಆಗಿದೆ ಅಂದರೆ ಅಲೆ ನಿಧಾನವಾಗಿದೆ. ನಿಧಾನವಾದದ್ದು ಒಳ್ಳೆಯ ಸುದ್ದಿ ಅಂದುಕೊಳ್ಳಬೇಡಿ. ನಿಧಾನಕ್ಕೆ ಹೋಗುವ ಅಲೆ ಒಂದೇ ಕಡೆ ಜಾಸ್ತಿ ಹೊತ್ತು ಸುರಿಯುತ್ತದೆ. ಬಿರುಗಾಳಿಗಿರಲಿ, ಅಲೆಗಿರಲಿ, ಮಳೆಯ ಮಟ್ಟಿಗೆ ಗಾಳಿಯ ಜೋರಿಗಿಂತ ಈ ನಡಿಗೆಯ ವೇಗ ಮುಖ್ಯ.

ಹೆಜ್ಜೆ 4: ಮಿಲಿಮೀಟರನ್ನು ನೀರಾಗಿ ನೋಡಿ

'100 ಮಿ.ಮೀ. ಮಳೆ' ಅಂತ ಓದಿದರೆ ಏನೂ ಅನಿಸುವುದಿಲ್ಲ. ಸ್ಕೇಲಿನಲ್ಲಿ ನೋಡಿದರೆ ಒಂದು ಗೇಣೂ ಇಲ್ಲ. ಹೀಗೆ ನೋಡಿ: 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ಜಾಗದ ಮೇಲೆ 1 ಲೀಟರ್ ನೀರು. ನಿಮ್ಮ ತಾರಸಿ 100 ಚದರ ಮೀಟರ್ ಇದ್ದರೆ, 100 ಮಿ.ಮೀ. ಮಳೆಗೆ 10,000 ಲೀಟರ್. ಒಂದು ದೊಡ್ಡ ಟ್ಯಾಂಕರ್ ತಂದು ತಾರಸಿ ಮೇಲೆ ಖಾಲಿ ಮಾಡಿದ ಹಾಗೆ. ನೀರು ಹೋಗುವ ತೂತು ಕಟ್ಟಿಕೊಂಡಿದ್ದರೆ ಆ ನೀರಿನ ತೂಕ 10 ಟನ್.

ಒಂದು ಮಳೆಗಾಲದಲ್ಲಿ ನನಗೆ ಇದರ ಪಾಠ ಆಯಿತು. ಬಾಡಿಗೆ ಮನೆ, ಸುತ್ತ ಮೊಣಕಾಲೆತ್ತರದ ಕಟ್ಟೆ ಇದ್ದ ತಾರಸಿ. ನೀರು ಹೊರಹೋಗಲು ಮೂಲೆಯಲ್ಲಿ ಒಂದೇ ಒಂದು ಪೈಪು. ಮಧ್ಯರಾತ್ರಿ ಮೆಟ್ಟಿಲಿನ ಮೇಲೆ ನೀರು ಇಳಿಯುವ ಸದ್ದು ಕೇಳಿ ಎದ್ದು ಹತ್ತಿದೆ. ಪಾದ ಮುಳುಗುವಷ್ಟು ನೀರು. ಕತ್ತಲಲ್ಲಿ ಕೈ ಹಾಕಿ ತಡಕಿದರೆ ಪೈಪಿನ ಬಾಯಿಗೆ ಒಂದು ಪ್ಲಾಸ್ಟಿಕ್ ಕವರ್ ಅಂಟಿಕೊಂಡು ಕೂತಿತ್ತು, ಅದರ ಮೇಲೆ ತರಗೆಲೆ. ಕಿತ್ತ ತಕ್ಷಣ ಗುಳುಗುಳು ಅಂತ ಸುಳಿ ಎದ್ದು ನೀರು ಇಳಿಯಿತು. ಇಡೀ ರಾತ್ರಿಯ ಗಲಾಟೆಗೆ ಕಾರಣ ಅಂಗೈ ಅಗಲದ ಒಂದು ಕವರ್. ಅಲ್ಲಿಂದೀಚೆಗೆ ಎಚ್ಚರಿಕೆ ಬಂದ ದಿನ ನಾನು ಮಾಡುವ ಮೊದಲ ಕೆಲಸ ತಾರಸಿ ಹತ್ತುವುದು.

ಈಗ ಇದೇ ಲೆಕ್ಕವನ್ನು ಬೆಟ್ಟಕ್ಕೆ ಹಾಕಿ. ಹತ್ತು ಚದರ ಕಿ.ಮೀ. ಕಣಿವೆಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 50 ಕೋಟಿ ಲೀಟರ್. ನೆಲ ಒಣಗಿದ್ದರೆ ಒಂದಷ್ಟು ಹೀರಿಕೊಳ್ಳುತ್ತದೆ. ವಾರದಿಂದ ನೆನೆದಿದ್ದರೆ ಹೆಚ್ಚಿನದು ಹೊಳೆಗೇ.

'ಭಾರಿ ಮಳೆ' ಅನ್ನುವ ಪದ ಎಲ್ಲ ದೇಶದಲ್ಲೂ ಒಂದೇ ಅಲ್ಲ. ಮೆಕ್ಸಿಕೋದಲ್ಲಿ 24 ಗಂಟೆಗೆ 25ರಿಂದ 50 ಮಿ.ಮೀ. ಬಿದ್ದರೇ ಜೋರು ಮಳೆ. 75ರಿಂದ 150 ತೀವ್ರ, 150ರಿಂದ 250 ಪ್ರಚಂಡ. ಭಾರತದಲ್ಲಿ ಭಾರಿ ಮಳೆ ಅನ್ನಿಸಿಕೊಳ್ಳಬೇಕಾದರೆ ದಿನಕ್ಕೆ 64.5 ಮಿ.ಮೀ. ದಾಟಬೇಕು. ಬಣ್ಣದ ಕಥೆಯೂ ಹೀಗೇ. ಒಂದು ಗಂಟೆಯಲ್ಲಿ 35 ಮಿ.ಮೀ. ಸುರಿದರೆ ಫಿಲಿಪ್ಪೀನ್ಸ್‌ನಲ್ಲಿ ಕೆಂಪು. ಅಷ್ಟೇ ಮಳೆ ಹಾಂಗ್‌ಕಾಂಗ್‌ನಲ್ಲಿ ಅಂಬರ್, ಅಂದರೆ ಮೊದಲ ಮೆಟ್ಟಿಲು. ಅಲ್ಲಿ ಕೆಂಪಿಗೆ ಗಂಟೆಗೆ 50, ಕಪ್ಪಿಗೆ 70 ದಾಟಬೇಕು. ಹೊಸ ದೇಶಕ್ಕೆ ಹೋದವರು ಹಳೆ ಊರಿನ ಬಣ್ಣವನ್ನು ತಲೆಯಲ್ಲಿ ಇಟ್ಟುಕೊಂಡು ಹೋಗಬೇಡಿ. ಅಲ್ಲಿಯ ಪಟ್ಟಿಯನ್ನು ಒಮ್ಮೆ ಓದಿ.

ದಿನದ ಲೆಕ್ಕಕ್ಕಿಂತ ಗಂಟೆಯ ಲೆಕ್ಕ ಜಾಸ್ತಿ ಹೇಳುತ್ತದೆ. 80 ಮಿ.ಮೀ. ಇಡೀ ದಿನ ಜಿಟಿಜಿಟಿ ಬಿದ್ದರೆ ಕೊಡೆ ಹಿಡಿದು ಓಡಾಡಬಹುದು. ಅದೇ 80 ಒಂದೂವರೆ ಗಂಟೆಯಲ್ಲಿ ಸುರಿದರೆ ರಸ್ತೆಯೇ ಹೊಳೆ. ಇದನ್ನು ಅಳೆಯಲು ಯಂತ್ರವೂ ಬೇಕಿಲ್ಲ. ಬಾಯಿಯಿಂದ ತಳದವರೆಗೂ ಒಂದೇ ಅಗಲ ಇರುವ ಡಬ್ಬಿಯನ್ನು ಮರ, ಗೋಡೆಯಿಂದ ದೂರ, ಬಯಲಲ್ಲಿ ಇಡಿ. ಗಂಟೆಗೊಮ್ಮೆ ಸ್ಕೇಲ್ ಇಳಿಬಿಟ್ಟು ನೋಡಿ. ನೀರಿನ ಆಳ ಎಷ್ಟು ಮಿ.ಮೀ.ಯೋ ಅಷ್ಟೇ ಮಳೆ.

ಹೆಜ್ಜೆ 5: ನಿಮ್ಮ ನೆಲ ಎಂಥದ್ದು?

ಒಂದೇ ಮಳೆ, ಒಂದೇ ಊರು. ಒಂದು ಬೀದಿಗೆ ಏನೂ ಆಗಿರುವುದಿಲ್ಲ, ಪಕ್ಕದ್ದು ಮುಳುಗಿರುತ್ತದೆ. ಗಾಳಿ ಬಂದು ಬಡಿಯುವ ಬೆಟ್ಟದ ಮುಖಕ್ಕೆ ಮಳೆ ಜಾಸ್ತಿ, ಬೆನ್ನಿಗೆ ಕಡಿಮೆ. ತೇವದ ಗಾಳಿ ಏರುವಾಗ ತಣ್ಣಗಾಗಿ ನೀರು ಬಿಡುತ್ತದೆ, ಅಷ್ಟೇ.

ಬಿಸಿಲಿದ್ದ ದಿನ ಮನೆ ಸುತ್ತ ಒಮ್ಮೆ ನಡೆದುಬನ್ನಿ. ಸುತ್ತಲಿನ ನೀರೆಲ್ಲ ಯಾವ ಕಡೆ ಇಳಿಯುತ್ತದೆ? ಬಳಸುವ ರಸ್ತೆಯಲ್ಲಿ ತಗ್ಗು ಎಲ್ಲಿದೆ, ಮೋರಿ ಎಲ್ಲಿದೆ? ಎತ್ತರಕ್ಕೆ ಹೋಗಬೇಕಾದರೆ ಹೊಳೆ ದಾಟದೆ ಹೋಗುವ ದಾರಿ ಇದೆಯಾ? ಈ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲ ಅಂದರೆ, ನೀವು ಬೇರೆಯವರಿಗಿಂತ ಬೇಗ ಹೊರಡುವವರ ಪಟ್ಟಿಯಲ್ಲಿ ಇದ್ದೀರಿ ಅಂತ ಅರ್ಥ.

ಹೊಳೆ ಪಕ್ಕದಲ್ಲಿದ್ದರೆ ನಿಮ್ಮ ತಲೆಯ ಮೇಲಿನ ಆಕಾಶ ನೋಡಿ ಪ್ರಯೋಜನ ಇಲ್ಲ. ಮೇಲಿನ ಬೆಟ್ಟದಲ್ಲಿ ಮೋಡ ಕಪ್ಪಗಿದೆಯಾ ನೋಡಿ. ನಿಮ್ಮಲ್ಲಿ ಒಂದು ಹನಿ ಬೀಳದೆ ಇದ್ದರೂ ನೀರು ಬರಬಹುದು. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಗಾಗುವುದು, ಎಲೆ ಕೊಂಬೆ ತೇಲಿಬರುವುದು, ದೂರದಿಂದ ಮೊರೆತ ಕೇಳುವುದು, ಇವೆಲ್ಲ ಏಳಿ ಅಂತ ಹೇಳುವ ಗುರುತುಗಳು. ಮಳೆ ಸುರಿಯುತ್ತಿದ್ದರೂ ಹೊಳೆಯ ನೀರು ಸಟ್ಟನೆ ಇಳಿದುಹೋದರೆ ಅದು ಇನ್ನೂ ಅಪಾಯ. ಮೇಲೆಲ್ಲೋ ಮಣ್ಣು ಕುಸಿದು ನೀರು ಕಟ್ಟಿ ನಿಂತಿರಬಹುದು. ಆ ಅಡ್ಡ ಒಡೆದಾಗ ಎಲ್ಲ ಒಟ್ಟಿಗೆ ಬರುತ್ತದೆ.

ಇಳಿಜಾರಿನ ಮನೆಯವರು ಬಾಗಿಲು, ಕಿಟಕಿಗಳ ಕಡೆ ಗಮನ ಕೊಡಿ. ನೆನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಸಿಕ್ಕಿಹಾಕಿಕೊಂಡರೆ, ಮರದ ಚೌಕಟ್ಟು ನೀರು ಕುಡಿದು ಉಬ್ಬಿರಬಹುದು, ನೆಲವೇ ಜರುಗುತ್ತಿರಲೂಬಹುದು. ಅಂಗಳದಲ್ಲಿ ಹೊಸ ಬಿರುಕು, ವಾಲಿದ ಕಂಬ ಅಥವಾ ಮರ, ಒಣಗಿದ್ದ ಕಡೆ ಹೊಸ ಒರತೆ ಕಂಡರೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಡಿ. ಅದು ರಾತ್ರಿ ಆಗಿದ್ದರೂ ಸರಿ. ಕುಸಿತ ನಿದ್ದೆಯಲ್ಲಿದ್ದವರನ್ನು ಏಳಿಸಿ ಬರುವುದಿಲ್ಲ.

ಹೆಜ್ಜೆ 6: ಮೂರು ದಿನ ಇದೆ, ಏನು ಮಾಡಬೇಕು?

ಅಕ್ಷ ಇನ್ನೂ 18 ಡಿಗ್ರಿ ದೂರದಲ್ಲಿರುವಾಗ ಕೊಳ್ಳುವ, ಕಟ್ಟುವ ಕೆಲಸ ಮುಗಿಸಿ. 6 ಡಿಗ್ರಿಗೆ ಬಂದಾಗ ಮನೆಯ ಹೊರಗಿನ ಕೆಲಸ. ಆಮೇಲೆ ಉಳಿದದ್ದೆಲ್ಲ ಒಳಗೆ.

ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ಮೂರು ದಿನಕ್ಕೆ ತುಂಬಿಸಿ. ನಾಲ್ಕು ಜನರ ಮನೆಗೆ 48 ಲೀಟರ್. ಸುತ್ತಲೂ ನೀರೇ ಇರುವಾಗ ಕುಡಿಯಲು ನೀರಿಲ್ಲದ ಪಾಡು ಬೇಡ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಒಂದು ವಾರಕ್ಕಾದರೂ ಇರಲಿ. ಕಾಗದಪತ್ರಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಅವಸರಕ್ಕೆ ಬೇಕಾಗುವ ನಾಲ್ಕೈದು ನಂಬರ್‌ಗಳನ್ನು ಕೈಯಲ್ಲಿ ಬರೆದಿಡಿ. ಮೊಬೈಲ್ ಸತ್ತರೆ ಮನೆಯವರ ನಂಬರೂ ನೆನಪಿಗೆ ಬರುವುದಿಲ್ಲ, ಅಲ್ವಾ? ಪವರ್ ಬ್ಯಾಂಕ್ ತುಂಬಿಸುವುದು ಎಲ್ಲರಿಗೂ ಗೊತ್ತು. ಟಾರ್ಚ್‌ನ ಸೆಲ್ ಮರೆಯುತ್ತಾರೆ.

ಹೊರಗೆ ಚರಂಡಿ, ಸೂರಿನ ನೀರಿನ ದೋಣಿ, ತಾರಸಿ ಪೈಪ್ ಸ್ವಚ್ಛ ಮಾಡಿ. ನಿಮ್ಮ ಮನೆಯ ಚರಂಡಿ ಮಾತ್ರ ಸ್ವಚ್ಛ ಇದ್ದರೆ ಸಾಲದು. ಮುಂದಿನ ಮೋರಿ ಕಟ್ಟಿಕೊಂಡಿದ್ದರೆ ನೀರು ವಾಪಸ್ ನಿಮ್ಮ ಅಂಗಳಕ್ಕೇ. ಅಕ್ಕಪಕ್ಕದವರನ್ನು ಕರೆದು ಒಂದು ಗಂಟೆ ಕೆಲಸ ಮಾಡಿದರೆ ಇಡೀ ಬೀದಿ ಉಳಿಯುತ್ತದೆ. ಕಾರು ನೆಲಮಾಳಿಗೆಯಲ್ಲಿದ್ದರೆ ಎತ್ತರದ ಜಾಗಕ್ಕೆ ತನ್ನಿ. ಮಳೆ ಶುರುವಾದ ಮೇಲೆ ಕಾರು ತರಲು ನೆಲಮಾಳಿಗೆಗೆ ಇಳಿಯಲೇಬೇಡಿ. ನೀರು ಒಳನುಗ್ಗಿದರೆ ಹತ್ತಿ ಬರುವ ದಾರಿಯೂ ಅದೇ.

ಹೆಜ್ಜೆ 7: ಮಳೆ ಸುರಿಯುವಾಗ

ಮನೆಯಲ್ಲಿರಿ. ಈ ಹೆಜ್ಜೆಯ ಮುಕ್ಕಾಲು ಪಾಲು ಇಷ್ಟೇ.

ಹೊರಗೆ ಸಿಕ್ಕಿಹಾಕಿಕೊಂಡರೆ ಮೂರು ಅಳತೆ ನೆನಪಿರಲಿ. ರಭಸವಾಗಿ ಹರಿಯುವ 15 ಸೆಂ.ಮೀ. ನೀರು ದೊಡ್ಡವರನ್ನೂ ಬೀಳಿಸುತ್ತದೆ. 30 ಸೆಂ.ಮೀ. ಸಾಮಾನ್ಯ ಕಾರನ್ನು ತೇಲಿಸುತ್ತದೆ. 60 ಸೆಂ.ಮೀ. ನೀರಿಗೆ ದೊಡ್ಡ ಜೀಪು, ಎಸ್‌ಯುವಿಗಳೂ ಕೊಚ್ಚಿಕೊಂಡು ಹೋಗುತ್ತವೆ. ಗಾಡಿ ಭಾರ ಇದೆ, ಏನೂ ಆಗಲ್ಲ ಅನ್ನುವುದು ಭ್ರಮೆ. ಒಳಗೆಲ್ಲ ಗಾಳಿ ತುಂಬಿದ ಡಬ್ಬಿ ಅದು, ನೀರು ಎತ್ತಿಬಿಡುತ್ತದೆ. ಅದೂ ಅಲ್ಲದೆ ಕೆಂಪು ನೀರಿನ ಕೆಳಗೆ ರಸ್ತೆ ಇದೆಯೋ, ಕೊರೆದುಹೋಗಿದೆಯೋ ಕಾಣುವುದಿಲ್ಲ. ಮುಂದಿನ ಗಾಡಿ ದಾಟಿತು ಅಂತ ನೀವು ಇಳಿಯಬೇಡಿ. ಆ ಗಾಡಿ ದಾಟಿದ ಮೇಲೆ ನೀರು ಏರಿರುತ್ತದೆ.

ಮನೆಯೊಳಗೆ ನೀರು ಬರುವ ಲಕ್ಷಣ ಕಂಡರೆ, ನೆಲ ಒಣಗಿರುವಾಗಲೇ ಮೇನ್ ಸ್ವಿಚ್ ಆಫ್ ಮಾಡಿ. ನೀರಲ್ಲಿ ನಿಂತುಕೊಂಡು ಸ್ವಿಚ್ ಮುಟ್ಟಬೇಡಿ. ಇನ್ವರ್ಟರ್ ಇದ್ದರೆ ಅದನ್ನೂ ಬೇರೆಯಾಗಿ ಆಫ್ ಮಾಡಬೇಕು, ಬಹಳ ಜನ ಇದನ್ನು ಮರೆಯುತ್ತಾರೆ. ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಿ.

ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ. ಪ್ರತಿ 3 ಸೆಕೆಂಡಿಗೆ 1 ಕಿ.ಮೀ. ಆದರೆ ಗುಡುಗು ಕೇಳಿಸುತ್ತಿದೆ ಅಂದರೇನೇ ಸಿಡಿಲು ನಿಮ್ಮನ್ನು ತಲುಪುವಷ್ಟು ಹತ್ತಿರ ಇದೆ ಅಂತ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬೇಡಿ.

ಹೆಜ್ಜೆ 8: ನಿಂತ ಮೇಲೆ

ಮಳೆ ನಿಂತಿತು ಅಂದರೆ ಅಲೆ ದಾಟಿತು ಅಂತಲ್ಲ. ಅಕ್ಷದ ಹಿಂದೆ ಮಳೆಯ ಪಟ್ಟೆಗಳು ಒಂದರ ಹಿಂದೆ ಒಂದು ಬರುತ್ತವೆ. ನಡುವೆ ಒಂದೆರಡು ಗಂಟೆ ಬಿಸಿಲೂ ಬರಬಹುದು. ಗುಡ್ಡಗಳಂತೂ ಮಳೆ ನಿಂತ ಮೇಲೆಯೂ ಕುಸಿಯುತ್ತವೆ, ನೀರು ಒಳಗೆ ಇಳಿಯುತ್ತಲೇ ಇರುತ್ತದೆ. ಹೊರಟುಬಂದ ಮನೆಗೆ ವಾಪಸ್ ಹೋಗುವ ಮುಂಚೆ ಅಲ್ಲಿನ ಆಡಳಿತದವರು ಸರಿ ಅಂದಿದ್ದಾರಾ ಕೇಳಿ.

ಕರೆಂಟ್ ಇಲ್ಲ ಅಂತ ಜನರೇಟರ್ ಹಾಕುವವರು ಅದನ್ನು ಮನೆಯೊಳಗೆ, ಬಾಲ್ಕನಿಯಲ್ಲಿ, ಕಿಟಕಿ ಪಕ್ಕದಲ್ಲಿ ಇಡಬೇಡಿ. ಕನಿಷ್ಠ 6 ಮೀಟರ್ ದೂರ ಇರಲಿ. ಅದು ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಫ್ರಿಜ್ ಬಾಗಿಲು ತೆಗೆಯದೆ ಇದ್ದರೆ ಒಳಗಿನದ್ದು 4 ಗಂಟೆ ತಡೆಯುತ್ತದೆ. ಆಮೇಲೆ ಹಾಲು, ಮಾಂಸ, ಅಡುಗೆ ಮಾಡಿಟ್ಟದ್ದು ಎಸೆಯಿರಿ.

ನಲ್ಲಿ ನೀರು ಕುಡಿಯಬಹುದು ಅಂತ ಹೇಳುವವರೆಗೆ ಕುದಿಸಿಯೇ ಕುಡಿಯಿರಿ. ಕುದಿ ಬಂದ ಮೇಲೆ 1 ನಿಮಿಷ, ಸಮುದ್ರಮಟ್ಟದಿಂದ 2,000 ಮೀಟರ್ ಮೇಲಿದ್ದರೆ 3 ನಿಮಿಷ. ಕುದಿಸಲು ಆಗದಿದ್ದರೆ ಪರಿಮಳ ಇಲ್ಲದ ಸಾದಾ ಬ್ಲೀಚ್, 5-6 ಪರ್ಸೆಂಟ್‌ನದ್ದು, ಲೀಟರಿಗೆ 2 ಹನಿ ಹಾಕಿ ಅರ್ಧ ಗಂಟೆ ಬಿಡಿ. ನೀರು ಕದಡಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ, ಹನಿ ದುಪ್ಪಟ್ಟು ಮಾಡಿ.

ನೆರೆ ನೀರಿಗೆ ಬರಿಗಾಲಲ್ಲಿ ಇಳಿಯಬೇಡಿ. ಕೆಳಗೆ ಗಾಜು, ಮೊಳೆ, ತಂತಿ ಇರುತ್ತವೆ. ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ ಬರುತ್ತದೆ. ಕಾಲಿನ ಸಣ್ಣ ಗಾಯ ಸಾಕು ಅದಕ್ಕೆ. ನೀರಲ್ಲಿ ಓಡಾಡಿದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ ಡಾಕ್ಟರ ಹತ್ತಿರ ಹೋಗಿ, 'ನೆರೆ ನೀರಿಗೆ ಇಳಿದಿದ್ದೆ' ಅಂತ ಮೊದಲೇ ಹೇಳಿ. ಹೇಳದಿದ್ದರೆ ಅವರು ಸಾಮಾನ್ಯ ಜ್ವರ ಅಂದುಕೊಳ್ಳಬಹುದು.

ಒರೆಸಿ, ಒಣಗಿಸಿ ಮುಗಿದ ಮೇಲೆ ಆ ಮಳೆ ಡಬ್ಬಿಯ ನೀರು ಅಳೆದು, ತಾರೀಕು ಹಾಕಿ ಬರೆದಿಡಿ. ಎಷ್ಟು ಮಿ.ಮೀ.ಗೆ ಚರಂಡಿ ತುಂಬಿತು, ಎಷ್ಟಕ್ಕೆ ತಗ್ಗಿನ ರಸ್ತೆ ಮುಳುಗಿತು ಅನ್ನುವುದೂ ಇರಲಿ. ಇಂಥ ನಾಲ್ಕು ಸಾಲು ಕೂಡಿದರೆ, ಮುಂದಿನ ಎಚ್ಚರಿಕೆಯಲ್ಲಿ '70 ಮಿ.ಮೀ.' ಅಂತ ಓದಿದಾಗ ನಿಮ್ಮ ಬೀದಿ ಹೇಗಿರುತ್ತದೆ ಅಂತ ಯಾವ ಇಲಾಖೆಗಿಂತಲೂ ಚೆನ್ನಾಗಿ ನಿಮಗೇ ಗೊತ್ತಿರುತ್ತದೆ. ಆಮೇಲೆ ಡಬ್ಬಿ ಖಾಲಿ ಮಾಡಿ ಅದೇ ಜಾಗದಲ್ಲಿಟ್ಟು, ಹಿಂದೆ ಬರುತ್ತಿರುವ ಅಲೆಯ ಅಕ್ಷ ಈಗ ಎಷ್ಟು ಡಿಗ್ರಿಯಲ್ಲಿದೆ ಅಂತ ನೋಡಿ.